ಅಗ್ರಪೂಜೆ ಯಾರಿಗೆ? ಮೊದಲ ಪ್ರೋಗ್ರಾಮಿಂಗ್ ಭಾಷೆಯ ತಕರಾರು

ಎಲ್ಲರಿಗೂ ನಮಸ್ಕಾರ.

ಮೊದಲ ಪ್ರೋಗ್ರಾಮಿಂಗ್ ಭಾಷೆ ಯಾವುದು ಅಂತ ಯಾರಾದರೂ ಕೇಳಿದರೆ, ಫೋರ್ಟ್ರಾನ್, 1957 ಅಂತ ನಾವು ಥಟ್ಟನೆ ಹೇಳಿಬಿಡುತ್ತೇವೆ. ನಾನೂ ಬಹಳ ವರ್ಷ ಹಾಗೆಯೇ ಹೇಳಿಕೊಂಡು ಬಂದೆ. ಆ ಒಂದು ಸಾಲಿನ ಅಡಿಯಲ್ಲಿ ಎಷ್ಟು ಜನರ ದುಡಿಮೆ ಮುಚ್ಚಿಹೋಗಿದೆ ಅಂತ ತಿಳಿದ ಮೇಲೆ ಹಾಗೆ ಹೇಳಲು ಮನಸ್ಸು ಬರುತ್ತಿಲ್ಲ.

1945ಕ್ಕೆ ಹೋಗೋಣ. ಜರ್ಮನಿಯ ಎಂಜಿನಿಯರ್ ಕೊನ್ರಾಡ್ ತ್ಸೂಸೆ ಬರ್ಲಿನ್ ಬಿಟ್ಟು ಹೊರಟಿದ್ದಾರೆ. ಅವರು ಕಟ್ಟಿದ್ದ ಝಡ್-3 ಎಂಬ ಕಂಪ್ಯೂಟರ್ ಯಂತ್ರ 1943ರ ಬಾಂಬ್ ದಾಳಿಯಲ್ಲಿ ನಾಶವಾಗಿತ್ತು. ಉಳಿದಿದ್ದ ಝಡ್-4 ಯಂತ್ರವನ್ನು ಹೇರಿಕೊಂಡು ಆಲ್ಪ್ಸ್ ತಪ್ಪಲಿನ ಹಿಂಟರ್‌ಸ್ಟೈನ್ ಎಂಬ ಹಳ್ಳಿ ಸೇರಿದರು. ಯುದ್ಧದ ನಡುವೆಯೇ ಶುರು ಮಾಡಿದ್ದ ಪ್ಲಾನ್‌ಕಾಲ್‌ಕ್ಯೂಲ್ ಎಂಬ ಭಾಷೆಯನ್ನು ಅಲ್ಲಿ ಕೂತು ಬರೆದು ಮುಗಿಸಿದರು.

ಅದರಲ್ಲಿ ಏನೇನಿತ್ತು ಗೊತ್ತಾ? ಅರೇ (ಒಂದೇ ಬಗೆಯ ಬೆಲೆಗಳ ಸಾಲು) ಇತ್ತು, ರೆಕಾರ್ಡ್ (ಬೇರೆ ಬೇರೆ ಬಗೆಯ ಬೆಲೆಗಳ ಕಟ್ಟು) ಇತ್ತು, ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ವಿಧಾನ) ಇತ್ತು. ಚೆಸ್ ಆಟದ ಲೆಕ್ಕಾಚಾರವನ್ನೂ ಆ ಭಾಷೆಯಲ್ಲಿ ಪುಟಗಟ್ಟಲೆ ಬರೆದಿಟ್ಟರು. ನನಗೆ ತುಂಬಾ ಇಷ್ಟವಾಗುವುದು ಒಂದು ಸಣ್ಣ ಗುರುತು. ‘ಎಕ್ಸ್ = ಎಕ್ಸ್ + 1’ ಅಂತ ಬರೆದರೆ ಗಣಿತದ ಮೇಷ್ಟ್ರು ತಪ್ಪು ಅಂತಾರೆ, ಅಲ್ವಾ? ತ್ಸೂಸೆ ಅಲ್ಲಿ ಸಮ ಚಿಹ್ನೆಯನ್ನೇ ಬಳಸಲಿಲ್ಲ. ಎಡಗಡೆ ಲೆಕ್ಕ, ನಡುವೆ ಒಂದು ಬಾಣ, ಬಲಗಡೆ ಉತ್ತರ ಇಡುವ ಹೆಸರು. ಹಳೆಯ ಬೆಲೆಗೆ ಒಂದು ಕೂಡಿಸು, ಅದೇ ಹೆಸರಿನಲ್ಲಿ ಮತ್ತೆ ಇಡು ಅಂತ ಅದರ ಅರ್ಥ. ನಮ್ಮ ಇವತ್ತಿನ ಎಷ್ಟೋ ಭಾಷೆಗಳ ಬರವಣಿಗೆಗಿಂತ ಇದೇ ಸರಿ ಅಂತ ನನ್ನ ಅನಿಸಿಕೆ.

ಆದರೆ ಆ ಹಸ್ತಪ್ರತಿ ಪೂರ್ತಿಯಾಗಿ ಅಚ್ಚಾದದ್ದು 1972ರಲ್ಲಿ. ಅಷ್ಟರಲ್ಲಿ ಫೋರ್ಟ್ರಾನ್‌, ಆಲ್ಗಾಲ್, ಕೋಬಾಲ್ ಎಲ್ಲ ಬೇರೂರಿಬಿಟ್ಟಿದ್ದವು. ಹಾಗಾದರೆ ತ್ಸೂಸೆ ಮೊದಲಿಗರೋ ಅಲ್ಲವೋ? ಯಂತ್ರದ ಮೇಲೆ ಓಡದ ಭಾಷೆಯನ್ನು ಭಾಷೆ ಅನ್ನಬಹುದಾ ಅಂತ ಕೆಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಅನ್ನಬಹುದು. ಆ ಭಾಷೆಯನ್ನು ಓಡಿಸಬಲ್ಲ ಯಂತ್ರ ಆಗ ಇಲ್ಲದಿದ್ದದ್ದು ಯೋಚನೆಯ ದೋಷವಲ್ಲ.

ಓಡಿದ್ದೇ ಲೆಕ್ಕ ಅನ್ನುವುದಾದರೂ ಫೋರ್ಟ್ರಾನ್‌ಗಿಂತ ಮುಂಚೆ ಜನ ಇದ್ದಾರೆ. ಅಮೆರಿಕದಲ್ಲಿ 1949ರಲ್ಲೇ ಜಾನ್ ಮಾಕ್ಲಿ ಅವರ ಸಲಹೆಯಿಂದ ಶಾರ್ಟ್ ಕೋಡ್ ಎಂಬ ಭಾಷೆ ಹುಟ್ಟಿತು. 1952ರಲ್ಲಿ ಅಲಿಕ್ ಗ್ಲೆನಿ ಎಂಬವರು ಮ್ಯಾಂಚೆಸ್ಟರ್‌ನ ಯಂತ್ರಕ್ಕೆ ಆಟೋಕೋಡ್ ಎಂಬ ಭಾಷೆ ಬರೆದರು. ಗ್ಲೆನಿ ವಿಶ್ವವಿದ್ಯಾಲಯದವರಲ್ಲ, ಬ್ರಿಟನ್ನಿನ ಶಸ್ತ್ರಾಸ್ತ್ರ ಸಂಶೋಧನೆಯಲ್ಲಿದ್ದವರು. ಅವರು ಮಾಡಿದ್ದನ್ನು ಮ್ಯಾಂಚೆಸ್ಟರ್‌ನಲ್ಲೇ ಹೆಚ್ಚು ಜನ ಬಳಸಲಿಲ್ಲ. ಅಮೆರಿಕದ ಪ್ರೋಗ್ರಾಮರ್ ಗ್ರೇಸ್ ಹಾಪರ್ ಅವರ ಎ-0 ಕೂಡ ಅದೇ ಸುಮಾರಿನದು. ಅದನ್ನು ಮೊದಲ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸಿಕೊಡುವ ಪ್ರೋಗ್ರಾಂ, ಅಂತಾರೆ. ಆದರೆ ಆಗ ಕಂಪೈಲ್ ಅಂದರೆ ಸಿದ್ಧವಿರುವ ತುಣುಕುಗಳನ್ನು ಹುಡುಕಿ ಜೋಡಿಸುವುದು ಅಂತ ಅರ್ಥ. ಅರ್ಧ ಜಗಳ ಈ ಪದದ್ದೇ.

1976ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಡೊನಾಲ್ಡ್ ಕನೂತ್ ಮತ್ತು ಲೂಯಿಸ್ ಟ್ರಾಬ್ ಪಾರ್ಡೊ ಒಂದು ಒಳ್ಳೆಯ ಕೆಲಸ ಮಾಡಿದರು. ಒಂದೇ ಸಣ್ಣ ಲೆಕ್ಕ: ಹನ್ನೊಂದು ಸಂಖ್ಯೆ ಓದಿಕೊಂಡು, ಹಿಂದಿನಿಂದ ಮುಂದಕ್ಕೆ ಒಂದೊಂದಕ್ಕೂ ಒಂದು ಸೂತ್ರ ಹಾಕಬೇಕು, ಉತ್ತರ 400 ದಾಟಿದರೆ ಜಾಸ್ತಿಯಾಯಿತು ಅಂತ ಹೇಳಬೇಕು. ಇದನ್ನೇ ಆ ಹಳೆಯ ಭಾಷೆಗಳಲ್ಲಿ ಒಂದೊಂದಾಗಿ ಬರೆದು ತೋರಿಸಿದರು. ಸುಮ್ನೆ ಇಸವಿ ಹಿಡಿದು ವಾದ ಮಾಡುವ ಬದಲು, ಯಾರ ಕೈಯಲ್ಲಿ ಏನಿತ್ತು ಅಂತ ಪಕ್ಕಪಕ್ಕದಲ್ಲಿಟ್ಟು ನೋಡಬಹುದಾಯಿತು.

ಕೊನೆಯದಾಗಿ ಫೋರ್ಟ್ರಾನ್ ರೂವಾರಿ ಜಾನ್ ಬ್ಯಾಕಸ್ ಅವರ ಮಾತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲ್ಯಾನಿಂಗ್ ಮತ್ತು ಝಿಯರ್ಲರ್ ಗಣಿತದ ಸೂತ್ರಗಳನ್ನೇ ನೇರವಾಗಿ ಓದುವ ವ್ಯವಸ್ಥೆಯನ್ನು ಅಲ್ಲಿನ ವರ್ಲ್‌ವಿಂಡ್ ಎಂಬ ಕಂಪ್ಯೂಟರ್ ಯಂತ್ರದ ಮೇಲೆ ಓಡಿಸಿದ್ದರು. ಅದನ್ನು ನೋಡಿಯೇ ನಮಗೆ ಆ ಯೋಚನೆ ಬಂತು ಅಂತ ಬ್ಯಾಕಸ್ ಬಹಳ ಕಾಲ ನಂಬಿದ್ದರು. ಹಾಗಂತ ಹೇಳಿಯೂ ಇದ್ದರು. ಆಮೇಲೆ ಒಂದು ಹಳೆಯ ಪತ್ರ ಸಿಕ್ಕಿತು. 1954ರ ಮೇ ತಿಂಗಳಲ್ಲಿ ಲ್ಯಾನಿಂಗ್‌ಗೆ ಬ್ಯಾಕಸ್ ಅವರೇ ಬರೆದದ್ದು. ಎಂಐಟಿಗೆ ಹೋಗಿ ನೋಡುವ ಮೊದಲೇ ಅವರ ತಂಡ ಅದೇ ದಾರಿಯಲ್ಲಿ ಯೋಚಿಸುತ್ತಿತ್ತು ಅಂತ ಅದರಿಂದ ತಿಳಿಯಿತು. ಬ್ಯಾಕಸ್ ತಮ್ಮ ನೆನಪು ತಪ್ಪು ಅಂತ ಒಪ್ಪಿ, ಅದನ್ನು ಬರೆದು ಪ್ರಕಟಿಸಿದರು. ಅದೇ ಪತ್ರದಲ್ಲಿ ಇನ್ನೊಂದು ಮಾತೂ ಇತ್ತು: ನಾವಿನ್ನೂ ಪ್ರೋಗ್ರಾಂ ಬರೆಯಲು ಶುರುವೇ ಮಾಡಿಲ್ಲ ಅಂತ. ವರ್ಲ್‌ವಿಂಡ್ ಮೇಲೆ ಆಗಲೇ ಲೆಕ್ಕ ನಡೆಯುತ್ತಿತ್ತು.