ಕಾಡುಪ್ರಾಣಿಗಳಲ್ಲಿ ರೇಬಿಸ್: ಗುರುತಿಸುವುದು ಹೇಗೆ?

ಕೇಳುಗರೇ, ನಮಸ್ಕಾರ. ಭಾರತದಲ್ಲಿ ರೇಬಿಸ್‌ನಿಂದ ಸಾಯುವವರಲ್ಲಿ ಬಹುಪಾಲು ಜನರಿಗೆ ಆ ರೋಗ ನಾಯಿಯಿಂದಲೇ ತಗಲುತ್ತದೆ. ಆದರೆ ಕಬ್ಬಿನ ಗದ್ದೆಯಲ್ಲಿ ಅಡಗುವ ಗುಳ್ಳೆನರಿ, ಬಯಲುಸೀಮೆಯ ತೋಳ, ಹಿತ್ತಲಿಗೂ ಬರುವ ಮುಂಗುಸಿ, ಇವುಗಳಿಗೂ ಅದೇ ವೈರಾಣು ತಗಲುತ್ತದೆ ಎಂಬುದನ್ನು ಹಳ್ಳಿಗಳಲ್ಲಿರುವವರು ಮರೆಯಬಾರದು.

ಮೊದಲು ಗಮನಿಸಬೇಕಾದದ್ದು ಪ್ರಾಣಿಗೆ ಮನುಷ್ಯರ ಭಯವಿದೆಯೇ ಎಂಬುದನ್ನು. ಆರೋಗ್ಯವಾಗಿರುವ ನರಿ ಮನುಷ್ಯರ ಸುಳಿವು ಸಿಕ್ಕರೆ ಸಾಕು, ಕಣ್ಮರೆಯಾಗುತ್ತದೆ. ರೋಗ ಮಿದುಳಿಗೇರಿದ ನರಿಯಾದರೋ ನಾಯಿಗಳು ಬೊಗಳುತ್ತಿದ್ದರೂ ಅಂಗಳಕ್ಕೆ ನುಗ್ಗಿ, ಎದುರಿಗೆ ಸಿಕ್ಕ ಜನ, ದನ, ಕೊನೆಗೆ ಬೆದರಿಸಲು ಚಾಚಿದ ಕೋಲನ್ನೂ ಕಚ್ಚಬಹುದು. ಹಗಲಿನಲ್ಲಿ ಕಂಡಿತೆಂಬುದೊಂದೇ ಕಾರಣಕ್ಕೆ ಗಾಬರಿಪಡಬೇಕಾಗಿಲ್ಲ, ಏಕೆಂದರೆ ಮುಂಗುಸಿ ಹಗಲಿನಲ್ಲೇ ಬೇಟೆಯಾಡುವ ಪ್ರಾಣಿ.

ನನಗೆ ಹೆಚ್ಚು ಆತಂಕ ತರುವುದು ರೋಗದ ಇನ್ನೊಂದು ರೂಪ. ಇದರಲ್ಲಿ ಆರ್ಭಟವಿರುವುದಿಲ್ಲ. ಪ್ರಾಣಿ ಮಂಕಾಗಿ ಮೂಲೆಯಲ್ಲಿ ಬಿದ್ದಿರುತ್ತದೆ, ಹಿಂಗಾಲುಗಳು ತೊಡರುತ್ತವೆ, ಕೆಳದವಡೆ ಜೋತುಬೀಳುತ್ತದೆ, ಗಂಟಲಿನ ಸ್ನಾಯುಗಳು ಸೋತು ನುಂಗಲಾಗದೆ ಜೊಲ್ಲು ಸುರಿಯುತ್ತದೆ. ಪಾಪ, ಗಾಯಗೊಂಡಿದೆಯೆಂದು ಮಕ್ಕಳು ಅದಕ್ಕೆ ನೀರು ಕುಡಿಸಲು ಹೋಗುವುದುಂಟು. ನರಿ ಕಚ್ಚಿದ ಹಸುವಿನಲ್ಲೂ ವಾರಗಳ ನಂತರ ಇದೇ ಲಕ್ಷಣ ಕಾಣಿಸಬಹುದು. ಗಂಟಲಿಗೆ ಏನೋ ಸಿಕ್ಕಿಕೊಂಡಿದೆಯೆಂದು ಅದರ ಬಾಯಿಗೆ ಬರಿಗೈ ಹಾಕುವುದು ಅತ್ಯಂತ ಅಪಾಯಕರ. ನೀರಿಗೆ ಹೆದರುವುದು ರೋಗ ತಗಲಿದ ಮನುಷ್ಯರಲ್ಲಿ ಕಾಣುವ ಲಕ್ಷಣವೇ ಹೊರತು ಪ್ರಾಣಿಗಳಲ್ಲಿ ಅಲ್ಲ. ಆದ್ದರಿಂದ ನರಿ ಹಳ್ಳ ದಾಟಿ ಬಂದಿತೆಂದು ಧೈರ್ಯ ತಂದುಕೊಳ್ಳುವಂತಿಲ್ಲ.

ಇಷ್ಟಾದರೂ ನೋಟದಿಂದಲೇ ರೋಗವನ್ನು ಖಚಿತಪಡಿಸಲಾಗದು. ನಾಯಿಗಳಿಂದ ಹರಡುವ ಡಿಸ್ಟೆಂಪರ್ ಎಂಬ ಬೇರೊಂದು ರೋಗ ಕೂಡ ನರಿಯನ್ನು ಹೀಗೆಯೇ ತೂರಾಡಿಸುತ್ತದೆ. ಸತ್ತ ಪ್ರಾಣಿಯ ಮಿದುಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗಲೇ ನಿಜ ತಿಳಿಯುವುದು. ಕಚ್ಚಿದ ನಾಯಿಯನ್ನು 10 ದಿನ ಗಮನಿಸುವ ಕ್ರಮ ಕಾಡುಪ್ರಾಣಿಗೆ ಅನ್ವಯಿಸುವುದಿಲ್ಲ. ಕಾಡುಪ್ರಾಣಿಯ ಕಡಿತವನ್ನು ವೈದ್ಯರು ಅತಿ ಗಂಭೀರವಾದ ಮೂರನೆಯ ವರ್ಗಕ್ಕೆ ಸೇರಿಸುತ್ತಾರೆ. ಹಾಗಾಗಿ ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅರಿಸಿನ, ಸುಣ್ಣ ಏನನ್ನೂ ಮೆತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಲಸಿಕೆಯ ಜೊತೆಗೆ ಗಾಯದೊಳಕ್ಕೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುತ್ತಾರೆ. ಲಸಿಕೆ ಕೆಲಸ ಆರಂಭಿಸುವವರೆಗೆ ವೈರಾಣುವನ್ನು ತಡೆಯುವುದು ಅದೇ. ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗದೆ, ಅದು ಸತ್ತುಬಿದ್ದಿದ್ದರೆ ಮುಟ್ಟದೆ, ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿ.