ಸೀಸೆ ಔಷಧಿ ಮತ್ತು ಮೂರನೇ ತಿಂಗಳು

(ತುಮಕೂರಿನಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಕ್ಷಯರೋಗಿಗಳ ಮನೆಯವರ ಮುಂದೆ ನಿವೃತ್ತ ಕಾಂಪೌಂಡರ್ ಒಬ್ಬರು ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರೋ ಅಕ್ಕಂದಿರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ನಾನು ಡಾಕ್ಟರಲ್ಲ. ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಕೂತು ಔಷಧಿ ಕೊಟ್ಟವನು. ನನಗೆ ಕೊಟ್ಟಿರುವ ವಿಷಯ, ರೋಗಿಯ ಮನಸ್ಸಿಗೂ ಗುಣವಾಗುವುದಕ್ಕೂ ಇರುವ ನಂಟು. ಧೈರ್ಯ ಇದ್ದರೆ ಅರ್ಧ ಕಾಯಿಲೆ ವಾಸಿ ಅಂತ ಹೇಳಿ ಕೂತುಬಿಡಬಹುದು. ನನಗೆ ಆ ಮಾತಿನಲ್ಲಿ ಅಷ್ಟು ನಂಬಿಕೆ ಇಲ್ಲ. ಟಿ.ಬಿ. ಕ್ರಿಮಿ ಧೈರ್ಯಕ್ಕೆ ಸಾಯುವುದಿಲ್ಲ, ಮಾತ್ರೆಗೆ ಸಾಯುತ್ತದೆ. ಆ ಮಾತ್ರೆ ದಿನಾ ಬಾಯಿಗೆ ಹೋಗುತ್ತದೋ ಇಲ್ಲವೋ ಅನ್ನುವಲ್ಲಿ ಮನಸ್ಸಿನ ಕೆಲಸ ಇದೆ. ಬರೀ ರೋಗಿಯ ಮನಸ್ಸಲ್ಲ, ಕಿಟಕಿಯ ಈಚೆ ಕೂತವನದ್ದೂ ಸೇರಿ.

ಇದಕ್ಕೆ ನಮ್ಮ ಜಿಲ್ಲೆಯದೇ ಒಂದು ಕಥೆ ಇದೆ. 1960ರ ಆಸುಪಾಸಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಊರೂರು ಸುತ್ತಿ ಸಮೀಕ್ಷೆ ಮಾಡಿದರು. ಅದರಲ್ಲಿ ಸಿಕ್ಕ ರೋಗಿಗಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ ಕೆಲಸವನ್ನು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದರೂ ಆಸ್ಪತ್ರೆಗೆ ಬರೋದಿಲ್ಲ ಅನ್ನುವ ಮಾತು ಆಗಲೂ ಇತ್ತು. ಇಲ್ಲಿ ಕಂಡಿದ್ದು ಉಲ್ಟಾ. ಹೆಚ್ಚುಕಮ್ಮಿ ಎಲ್ಲರಿಗೂ ಮೈ ಸರಿ ಇಲ್ಲ ಅಂತ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡದೆ, ಕೆಮ್ಮಿನ ಸೀಸೆ ಕೊಟ್ಟು ಕಳಿಸಿದ್ದೇ ಜಾಸ್ತಿ.

ಆ ಸೀಸೆ ನಾನೂ ತುಂಬಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಪಾವಗಡದ ಕಡೆಯ ಒಬ್ಬ ಅಮ್ಮ, ತಿಂಗಳಿಂದ ಕೆಮ್ಮು ಅಂತ ಮನೆಯಿಂದಲೇ ಖಾಲಿ ಸೀಸೆ ಹಿಡಿದು ಬಂದಿದ್ದರು. ಕೆಂಪು ಔಷಧಿ ಸುರಿದುಕೊಟ್ಟೆ. ಎಷ್ಟು ದಿನದಿಂದ ಕೆಮ್ಮು ಅಂತ ಅವರೇ ಹೇಳಿದರೂ ನನ್ನ ಕಿವಿಗೆ ಬೀಳಲಿಲ್ಲ. ಹಿಂದೆ ಉದ್ದ ಸಾಲು ಇತ್ತು. ಮೂರು ತಿಂಗಳಾದ ಮೇಲೆ ಮಗನ ಹೆಗಲು ಹಿಡಿದು ಬಂದರು. ಆ ಸಲ ಕಫದಲ್ಲಿ ಟಿ.ಬಿ. ಸಿಕ್ಕಿತು. ಈಗ ಎರಡು ವಾರ ದಾಟಿದ ಕೆಮ್ಮು ಅಂದರೆ ಕಫ ಪರೀಕ್ಷೆ. ಇದು ನಿಮಗೆಲ್ಲ ಗೊತ್ತು.

ಆಮೇಲಿನ ಕಷ್ಟ ಮೂರನೇ ತಿಂಗಳದ್ದು. ಸಾಮಾನ್ಯ ಟಿ.ಬಿ.ಗೆ ಈಗ ಆರು ತಿಂಗಳ ಕೋರ್ಸು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಉಳಿದ ನಾಲ್ಕು ತಿಂಗಳು ಮೂರು. ಎರಡು ತಿಂಗಳಿಗೆ ಜ್ವರ ಹೋಗಿರುತ್ತದೆ, ಮುದ್ದೆ ಸೇರುತ್ತದೆ. ಇನ್ಯಾಕೆ ಮಾತ್ರೆ ಅನ್ನಿಸುತ್ತದೆ. ಸೋಮಾರಿಗಳು ಬಿಡ್ತಾರೆ ಅಂದುಕೊಳ್ಳಬೇಡಿ. ಕೂಲಿಗೆ ಹೊರಟವರು ಬಿಡುತ್ತಾರೆ, ಹೆಂಗಸರಾದರೆ ತವರಿಗೆ ಹೋದಾಗ ಬಿಡುತ್ತಾರೆ. ಒಳಗೆ ಉಳಿದ ಕ್ರಿಮಿ ಮತ್ತೆ ಏಳುತ್ತದೆ. ಔಷಧಿಗೆ ಬಗ್ಗದ ಟಿ.ಬಿ. ಆಗುವ ಅಪಾಯವೂ ಇದೆ.

ಹೆದರಿ ಬಿಡುವವರೂ ಇದ್ದಾರೆ. ಈ ಕೋರ್ಸಿನಲ್ಲಿರುವ ರಿಫಾಂಪಿಸಿನ್ ಅನ್ನೋ ಔಷಧಿ ನುಂಗಿದರೆ ಮೂತ್ರ ಕೆಂಪು, ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಮೊದಲೇ ಹೇಳದಿದ್ದರೆ ರಕ್ತ ಅಂದುಕೊಂಡು ಮಾತ್ರೆ ಎಸೆಯುತ್ತಾರೆ. ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕಾಯಬೇಡಿ, ಅವತ್ತೇ ಕರೆದುಕೊಂಡು ಬನ್ನಿ.

ಊಟದ ವಿಷಯ. ಟಿ.ಬಿ. ಅಂದ ಕೂಡಲೇ ಪಥ್ಯ ಶುರುವಾಗುತ್ತದೆ. ಮೊಟ್ಟೆ ಉಷ್ಣ, ಕಡಲೆಕಾಯಿ ಪಿತ್ತ, ಮಜ್ಜಿಗೆ ಶೀತ, ಬದನೆಕಾಯಿ ನಂಜು. ಮೊದಲೇ ಸೊರಗಿದವರಿಗೆ ಗಂಜಿ! ಕಡಲೆಕಾಯಿ ಬೆಳೆಯುವ ಪಾವಗಡ, ಶಿರಾದಲ್ಲೇ ಅದನ್ನು ದೂರ ಇಡುತ್ತಾರೆ, ನೋಡಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ರೋಗಿಗಳಿಗೆ ರೇಷನ್ ಕೊಟ್ಟು ಮಾಡಿದ ಅಧ್ಯಯನ 2023ರಲ್ಲಿ ಬಂತು. ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಬಹಳ ಕಡಿಮೆ. ಮನೆಯವರಿಗೂ ರೇಷನ್ ಕೊಟ್ಟ ಕಡೆ ಅವರಿಗೆ ಹೊಸದಾಗಿ ಟಿ.ಬಿ. ಬರುವುದು ಶೇ. 39ರಿಂದ 48ರಷ್ಟು ತಗ್ಗಿತು. ಟಿ.ಬಿ. ರೋಗಿಯ ಊಟಕ್ಕೆ ಅಂತ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1,000 ಆಗಿದೆ. ಆ ದುಡ್ಡು ಮೊಟ್ಟೆ, ಬೇಳೆಗೇ ಹೋಗಲಿ.

ಹಾಗಂತ ಊಟ ಒಂದೇ ಸಾಲದು. ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಪ್ರಯೋಗದಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿ, ಅಂದರೆ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ, ಇಟ್ಟರು, ಕೆಲವರಿಗೆ ಮನೆಯಲ್ಲೇ ಔಷಧಿ ಕೊಟ್ಟರು. ಸ್ಯಾನಟೋರಿಯಂನಲ್ಲಿ ಊಟ ಚೆನ್ನಾಗಿತ್ತು, ಹಾಸಿಗೆಯೂ ಇತ್ತು. ಆದರೂ ಮನೆಯಲ್ಲಿದ್ದವರು ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಗುಣವಾದರು. ಮನೆಮಂದಿಗೆ ಅಂಟುವ ಅಪಾಯವೂ ಅದರಿಂದ ಜಾಸ್ತಿ ಆಗಲಿಲ್ಲ. ಹೀಗಿರುವಾಗ ನಮ್ಮ ಕಡೆ ಇನ್ನೂ ರೋಗಿಯ ತಟ್ಟೆ ಲೋಟ ಬೇರೆ ಇಡುತ್ತಾರೆ. ಟಿ.ಬಿ. ತಟ್ಟೆಯಿಂದ ಬರಲ್ಲ, ಕೆಮ್ಮಿದ ಗಾಳಿಯಿಂದ ಬರುತ್ತದೆ. ಕಿಟಕಿ ತೆಗೆದಿಡಿ, ತಟ್ಟೆ ಬೇರೆ ಮಾಡಬೇಡಿ. ತಟ್ಟೆ ಬೇರೆಯಾದ ಸೊಸೆ ಮಾತ್ರೆಯನ್ನೂ ಬಚ್ಚಿಟ್ಟು ನುಂಗುತ್ತಾಳೆ. ಬಚ್ಚಿಟ್ಟದ್ದು ಒಂದು ದಿನ ಮರೆತೂ ಹೋಗುತ್ತದೆ.

ಪಾವಗಡದ ಆ ಅಮ್ಮ ಕೋರ್ಸು ಪೂರ್ತಿ ಮಾಡಿದರು. ದೀಪಾವಳಿ ಕಳೆದ ಮೇಲೆ ಚೀಲದ ತುಂಬ ಹಸಿ ಕಡಲೆಕಾಯಿ ತಂದು ನನ್ನ ಮೇಜಿನ ಮೇಲೆ ಸುರಿದರು. ಆಮೇಲೆ ನಗುತ್ತಾ ಕೇಳಿದರು. "ಅವತ್ತು ಕೆಂಪು ಔಷಧಿ ಕೊಟ್ಟೋರು ನೀವೇ ಅಲ್ವಾ ಸ್ವಾಮಿ?"

ಹೌದಮ್ಮ ಅಂದೆ.