ಕೈಪಟ್ಟಿಯ ಮೇಲಿನ ಬೇಬಿ

ಕೇಳುಗರಿಗೆ ನಮಸ್ಕಾರ.

ರಾಯಚೂರಿನ ಯಾವ ಹೆರಿಗೆ ವಾರ್ಡಿನ ಮುಂದೆ ನಿಂತರೂ ಎರಡು ಥರದ ಮಾತು ಕೇಳುತ್ತದೆ. ಒಳಗಿನಿಂದ ಸಿಸ್ಟರ್, "ಬೇಬಿ ಹಾಲು ಕುಡಿತೇನ್ರಿ?" ಎನ್ನುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತ ಅಜ್ಜಿ, "ಕೂಸು ಹೆಂಗೈತವ್ವಾ?" ಎನ್ನುತ್ತಾಳೆ. ಇಬ್ಬರಿಗೂ ಇನ್ನೊಬ್ಬರ ಮಾತು ಚೆನ್ನಾಗಿಯೇ ತಿಳಿಯುತ್ತದೆ.

ವೈದ್ಯರ ಲೆಕ್ಕ ಖಡಕ್ಕಾಗಿದೆ. ಹುಟ್ಟಿ 28 ದಿನದವರೆಗೆ ನವಜಾತ ಶಿಶು, ವರ್ಷ ತುಂಬುವವರೆಗೆ ಶಿಶು. ಬೇಬಿಗೆ ಅಂಥ ಗಡಿಯೇ ಇಲ್ಲ. ಎಳೆಗೂಸೂ ಬೇಬಿ, ನರ್ಸರಿಗೆ ಹೋಗುವ ಹುಡುಗಿಯೂ ಬೇಬಿ. ಸಿನಿಮಾದವರು ಬಾಲನಟಿಯ ಹೆಸರಿಗೆ ಬೇಬಿ ಸೇರಿಸುತ್ತಿದ್ದರು, ಹುಡುಗನಾದರೆ ಮಾಸ್ಟರ್. ಪುನೀತ್ ರಾಜ್‌ಕುಮಾರ್ ಚಿಕ್ಕವರಿದ್ದಾಗ ಮಾಸ್ಟರ್ ಲೋಹಿತ್ ಆಗಿದ್ದರು, ನೆನಪಿದೆ ಅಲ್ವಾ? ಇನ್ನು ಬೇಬಿ ಸೋಪು, ಬೇಬಿ ಪೌಡರ್, ಬೇಬಿ ಕಾರ್ನ್ ಎಲ್ಲಾ ನಿಮಗೆ ಗೊತ್ತಿರುವುದೇ. ಹಾಗಂತ ಕೂಸು ಎಲ್ಲೂ ಹೋಗಿಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023ರಲ್ಲಿ ಸರ್ಕಾರ ಘೋಷಿಸಿದ ಯೋಜನೆಯ ಹೆಸರು 'ಕೂಸಿನ ಮನೆ'. ಒಳ್ಳೆಯ ಹೆಸರು ಇಟ್ಟಿದ್ದಾರೆ.

ಇವತ್ತು ನಾನು ಜಾಸ್ತಿ ಹೇಳಬೇಕೆಂದಿರುವುದು ಇನ್ನೊಂದು ಬೇಬಿಯ ಬಗ್ಗೆ. ಕೂಸು ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲಿ ಅದರ ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ. 'ಬೇಬಿ ಆಫ್ ಮಲ್ಲಮ್ಮ' ಅಂತಲೋ, 'ಬೇಬಿ ಆಫ್ ರಜಿಯಾ' ಅಂತಲೋ ಬರೆದಿರುತ್ತದೆ. ಮಗು ಅದಲುಬದಲಾಗಬಾರದೆಂದು ಈ ವ್ಯವಸ್ಥೆ. ಅಲ್ಲಿ ತಾಯಿಯ ಹೆಸರೇ ಗುರುತು. ಅಪ್ಪ, ಅಜ್ಜ, ಮನೆತನ ಎಲ್ಲಾ ಆಮೇಲೆ!

ನಮ್ಮ ಕಡೆ ಹೆಸರಿಡುವುದಕ್ಕೆ ಅವಸರ ಇಲ್ಲ. ತೊಟ್ಟಿಲು ಕಟ್ಟಬೇಕು, ಗಂಡನ ಮನೆಯವರು ಬರಬೇಕು. ಸೋದರತ್ತೆ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಬೇಕು, ಉಳಿದವರು ಆಕೆಯ ಬೆನ್ನಿಗೆ ಗುದ್ದಬೇಕು. ಅದೆಲ್ಲ ಆಗುವ ಹೊತ್ತಿಗೆ ಜನನದ ನೋಂದಣಿ ಮುಗಿದಿರುತ್ತದೆ. ಯಾಕೆಂದರೆ 21 ದಿನದೊಳಗೆ ಜನನದ ಮಾಹಿತಿ ಕೊಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆ ಕೆಲಸ ಆಸ್ಪತ್ರೆಯದೇ. ಆಗ ಮಗುವಿನ ಹೆಸರಿನ ಜಾಗ ಖಾಲಿ ಉಳಿಯುತ್ತದೆ.

ಖಾಲಿ ಇದ್ದರೆ ಗಾಬರಿ ಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಇದಕ್ಕೆ ಅವಕಾಶ ಇದೆ. ನೋಂದಣಿಯಾಗಿ 12 ತಿಂಗಳೊಳಗೆ ತಂದೆ ಅಥವಾ ತಾಯಿ ಹೋಗಿ ಹೆಸರು ಕೊಟ್ಟರೆ ಶುಲ್ಕವಿಲ್ಲದೆ ಸೇರಿಸುತ್ತಾರೆ. ವರ್ಷ ದಾಟಿದರೆ ತಡವಾದದ್ದಕ್ಕೆ ಶುಲ್ಕ ಕಟ್ಟಬೇಕು. ಅದಕ್ಕೂ 15 ವರ್ಷದ ಮಿತಿ ಇದೆ.

ಎಲ್ಲಿಗೆ ಹೋಗಬೇಕು ಅನ್ನುವುದರಲ್ಲೇ ಜನ ಎಡವುವುದು. ನೋಂದಣಿ ಆಗುವುದು ಕೂಸು ಹುಟ್ಟಿದ ಊರಲ್ಲಿ, ನೀವು ಇರುವ ಊರಲ್ಲಿ ಅಲ್ಲ. ಚೊಚ್ಚಲ ಹೆರಿಗೆಗೆ ಗಂಗಾವತಿಯಿಂದ ಮಾನ್ವಿಯ ತವರಿಗೆ ಬಂದ ಹೆಣ್ಣುಮಗಳು ರಾಯಚೂರಿನಲ್ಲಿ ಹೆತ್ತಳು ಅನ್ನಿ. ಐದು ತಿಂಗಳಿಗೆ ಕೂಸನ್ನು ಎತ್ತಿಕೊಂಡು ಗಂಗಾವತಿಗೆ ಹೋಗುತ್ತಾಳೆ. ಹೆಸರು ಸೇರಿಸಬೇಕಾದ್ದು ಮಾತ್ರ ರಾಯಚೂರಿನಲ್ಲೇ. ಅದಕ್ಕೇ ತವರಿನಿಂದ ಹೊರಡುವ ಮೊದಲೇ ಆ ಕೆಲಸ ಮುಗಿಸುವುದು ಚಲೋ.

ಈ ಕಾಯ್ದೆಗೆ 2023ರ ತಿದ್ದುಪಡಿ ಬಂದ ಮೇಲೆ ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಹುಟ್ಟಿದ ದಿನ, ಜಾಗಕ್ಕೆ ಪುರಾವೆ ಅಂದರೆ ಜನನ ಪ್ರಮಾಣಪತ್ರವೇ. ಹೆಸರು ಕೊಡುವ ಮುನ್ನ ಅದರ ಅಕ್ಷರಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡೆರಡು ಸಲ ನೋಡಿ.

ಬೇಬಿ ಅನ್ನುವ ಹೆಸರೇ ಚೆಂದ ಅನಿಸಿದರೆ ಅದನ್ನೇ ಬರೆಸಿ, ಯಾರೂ ಬೇಡ ಅನ್ನುವುದಿಲ್ಲ. ಬೇಬಿ ಅಂತಲೇ ಹೆಸರಿರುವ ಹಿರಿಯ ಹೆಣ್ಣುಮಕ್ಕಳು ನಮ್ಮ ಓಣಿಗಳಲ್ಲೂ ಇದ್ದಾರೆ.